ಪೂಜೆಗೆ ಮುಂಚಿನ ಕಾಫಿ

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಏಳೂವರೆಯ ಪೂಜೆಗೆ ಹೋಗಿ, ಪರಮಪ್ರಸಾದ ತೆಗೆದುಕೊಂಡು ಮನೆಗೆ ಮರಳುವ ತನಕ ನೀರಿನ ಹೊರತು ಏನೂ ಹೊಟ್ಟೆಗೆ ಇಳಿಯಬಾರದು ಎಂಬುದು ಅಮ್ಮ ತನ್ನ ತವರಿನಿಂದ ತಂದ ಕಟ್ಟಳೆ. ಪರಮಪ್ರಸಾದವೆಂದರೆ ಪೀಠದ ಬಳಿ ಸಾಲಿನಲ್ಲಿ ನಿಂತವರಿಗೆ ಫಾದರ್ ಕೊಡುವ ತೆಳ್ಳನೆಯ ಬಿಳಿ ಬಿಲ್ಲೆ. ಅದು ಕ್ರಿಸ್ತನ ದೇಹವೇ ಎಂದು ನಾವು ನಂಬುತ್ತೇವೆ. ದೇವರು ಬರುವಾಗ ಒಳಗೆ ಜಾಗ ಖಾಲಿ ಇರಬೇಕು ಎನ್ನುತ್ತಿದ್ದಳು ಅಮ್ಮ. ಹೆಬ್ಬಗೋಡಿಯ ಆ ವಠಾರದಲ್ಲಿ ಸಾಲಾಗಿ ಅಂಟಿಕೊಂಡ ಐದು ಮನೆಗಳಿದ್ದವು. ಒಂದು ಕೋಣೆ, ಒಂದು ಅಡುಗೆಮನೆ, ಆಚೆ ಬದಿಯ ಕೆಮ್ಮೂ ಕೇಳುವಷ್ಟು ತೆಳುವಾದ ಗೋಡೆ. ಉಳಿದ ನಾಲ್ಕು ಮನೆಗಳಿಂದ ಒಗ್ಗರಣೆಯ ಘಾಟು ಬರುತ್ತಿರುವಾಗ ಅಪ್ಪ, ಅಮ್ಮ, ನಾನು ಇಸ್ತ್ರಿ ಬಟ್ಟೆ ಹಾಕಿಕೊಂಡು, ಹಸಿದುಕೊಂಡು, ಹೊಸೂರು ರಸ್ತೆ ದಾಟಿ ಚರ್ಚಿಗೆ ನಡೆಯುತ್ತಿದ್ದೆವು. ಹಸಿವು ಆ ದಿನದ ಉಡುಪಿನ ಒಂದು ಭಾಗವೇ ಆಗಿತ್ತು. ಮರಳಿ ಬರುವಾಗ ಅಪ್ಪ ಮಾಂಸ ತರುತ್ತಿದ್ದ. ಭಾನುವಾರದ ಸಾರು ಅವನದೇ ಕೆಲಸ. ಮಸಾಲೆ ಹುರಿಯುವಾಗ ಹಾಡುತ್ತಿದ್ದ.

ನನಗೆ ಎಂಟು ತುಂಬಿದ ವರ್ಷ, ಒಂದು ಭಾನುವಾರ ಕಾಫಿಯ ವಾಸನೆಗೆ ಎಚ್ಚರವಾಯಿತು. ಪಕ್ಕದ ಮನೆಯದು ಎಂದುಕೊಂಡೆ. ಎದ್ದು ನೋಡಿದರೆ ನಮ್ಮ ಒಲೆಯೇ ಉರಿಯುತ್ತಿತ್ತು. ಗೋಡೆಯ ಮೇಲೆ ಯೇಸುವಿನ ತಿರುಹೃದಯದ, ಅಂದರೆ ಪವಿತ್ರ ಹೃದಯದ, ಪಟವಿತ್ತು. ಅದರ ಕೆಳಗೆ ಹಗಲೂ ರಾತ್ರಿ ಉರಿಯುವ ಸಣ್ಣ ಕೆಂಪು ಬಲ್ಬು. ಆ ಬಲ್ಬಿನ ಕೆಳಗೆ ಮಡಿಸುವ ಕುರ್ಚಿಯಲ್ಲಿ ಕೂತು ಅಪ್ಪ ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದ. ಅಮ್ಮ ಬೆನ್ನು ಹಾಕಿ ನಿಂತಿದ್ದಳು. ಚರ್ಚಿನಲ್ಲಿ ಪ್ರಸಾದದ ಸಾಲು ಹೊರಟಾಗ ಅಪ್ಪ ಮೊಣಕಾಲು ಪಕ್ಕಕ್ಕೆ ಸರಿಸಿ ನಮಗೆ ದಾರಿ ಬಿಟ್ಟ. ಬೆಂಚಿನಿಂದ ಏಳಲಿಲ್ಲ. ಸಣ್ಣ ಚರ್ಚಿನಲ್ಲಿ ಅದು ಎಲ್ಲರಿಗೂ ಕಾಣುತ್ತದೆ. ಪೂಜೆ ಮುಗಿದ ಮೇಲೆ ಉಪದೇಶಿ ರಾಯಪ್ಪನವರು ಅಪ್ಪನನ್ನು ಮೆಟ್ಟಿಲಲ್ಲೇ ಹಿಡಿದರು. ಫಾದರ್ ಇಲ್ಲದ ಹೊತ್ತಿನಲ್ಲಿ ಪ್ರಾರ್ಥನೆ ನಡೆಸುವುದು, ಮನೆಮನೆಯ ಸುದ್ದಿ ಇಟ್ಟುಕೊಳ್ಳುವುದು ಅವರ ಕೆಲಸ.

"ಏನಯ್ಯಾ ಇನ್ನಾಸಪ್ಪ, ಪ್ರಸಾದಕ್ಕೆ ಏಳ್ಲೇ ಇಲ್ಲ?"

"ಮರೆತು ಕಾಫಿ ಕುಡ್ದ್‌ಬಿಟ್ಟೆ ಉಪದೇಶಿಗಳೇ."

"ಕಾಫಿನೇ ತಾನೇ? ಬೇರೆ ಏನೂ ಅಲ್ವಲ್ಲ?" ಎಂದು ಅವರು ಜೋರಾಗಿ ನಕ್ಕರು. ಅಪ್ಪನೂ ನಕ್ಕ. ಮುಂದಿನ ಭಾನುವಾರವೂ ಅಪ್ಪ ಮರೆತ. ಅದರ ಮುಂದಿನ ಭಾನುವಾರವೂ.

ಆ ಮೊದಲ ಕಾಫಿಗೆ ಕೆಲವೇ ದಿನಗಳ ಹಿಂದೆ ನಡೆದದ್ದನ್ನು ಇಲ್ಲಿ ಹೇಳಬೇಕು. ಅಪ್ಪ ಜಿಗಣಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಸೆಟ್ಟರ್ ಆಗಿದ್ದ. ತಗಡನ್ನು ಒತ್ತಿ ಬಿಡಿಭಾಗ ಮಾಡುವ ಪ್ರೆಸ್ ಯಂತ್ರಗಳನ್ನು ಶಿಫ್ಟಿನ ಮೊದಲು ಹೊಂದಿಸಿ ಕೊಡುವುದು ಸೆಟ್ಟರ್ ಕೆಲಸ. ಆ ಯಂತ್ರ ನಡೆಸುವವನು ಎರಡು ಬಟನ್‌ಗಳನ್ನು ಎರಡೂ ಕೈಯಿಂದ ಒಟ್ಟಿಗೆ ಒತ್ತಬೇಕು. ಆಗ ಮಾತ್ರ ಪ್ರೆಸ್ ಕೆಳಗಿಳಿಯುತ್ತದೆ. ಎರಡು ಕೈಯೂ ಬಟನ್ ಮೇಲಿದ್ದರೆ ಯಾವ ಕೈಯೂ ಯಂತ್ರದ ಬಾಯಲ್ಲಿ ಇರುವುದಿಲ್ಲ ಎಂಬುದು ಅದರ ಲೆಕ್ಕಾಚಾರ. ಒಂದು ಬಟನ್‌ಗೆ ಟೇಪು ಸುತ್ತಿ ಒತ್ತಿದ ಹಾಗೇ ಇಟ್ಟರೆ ಒಂದು ಕೈ ಬಿಡುವಾಗುತ್ತದೆ, ಕೆಲಸ ಬೇಗ ಸಾಗುತ್ತದೆ. ಹಾಗೆ ಟೇಪು ಸುತ್ತಿದ ಒಂದು ಯಂತ್ರದಲ್ಲಿ ಚೌರಪ್ಪನ ಬಲಗೈ ಮಣಿಕಟ್ಟಿನ ತನಕ ಹೋಯಿತು. ಚೌರಪ್ಪ ನಮ್ಮ ಚರ್ಚಿನವನೇ, ನಮ್ಮ ಹಿಂದಿನ ಬೀದಿಯವನು. ಅವನಿಗೆ ಆ ಕೆಲಸ ಕೊಡಿಸಿದವನು ಅಪ್ಪ. ಇಬ್ಬರೂ ಒಂದೇ ಮೊಪೆಡ್‌ನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಅಪ್ಪನನ್ನು ಅವನು ಇನ್ನಾಸಣ್ಣ ಎನ್ನುತ್ತಿದ್ದ, ಅಪ್ಪ ಅವನನ್ನು ಚೌರಿ ಎನ್ನುತ್ತಿದ್ದ.

ಮೂರನೆಯ ದಿನ ಸಂಜೆ ಸೂಪರ್‌ವೈಸರ್ ನಮ್ಮ ಮನೆಗೆ ಬಂದ. ಮಡಿಸುವ ಕುರ್ಚಿಯನ್ನು ಅವನಿಗೆ ಕೊಟ್ಟು ಅಪ್ಪ ಚಾಪೆಯ ಮೇಲೆ ಕೂತ. ಅಮ್ಮ ಟೀ ಇಟ್ಟಳು. ಸೂಪರ್‌ವೈಸರ್ ಒಂದು ಹಾಳೆ ತೆಗೆದ. ಬಟನ್‌ಗೆ ಟೇಪು ಸುತ್ತಿದವನು ಚೌರಪ್ಪನೇ, ಬೇಡವೆಂದು ತಾನು ಹೇಳಿದ್ದರೂ ಕೇಳಲಿಲ್ಲ ಎಂದು ಅಪ್ಪ ಹೇಳಿಕೆ ಕೊಟ್ಟ ಹಾಗೆ ಅದರಲ್ಲಿ ಟೈಪಾಗಿತ್ತು. ಇದು ನನಗೆ ಆಮೇಲೆ ಗೊತ್ತಾದದ್ದು. ಆ ಸಂಜೆ ಕೇಳಿಸಿದ ಮಾತು ಇಷ್ಟು:

"ಒಂದ್ ಸೈನು ಇನ್ನಾಸಪ್ಪ. ಅವನ ಕೈ ಅಂತೂ ವಾಪಸ್ ಬರಲ್ಲ. ಇಬ್ರ ಕೆಲಸ ಹೋಗೋ ಬದಲು ಒಬ್ರಾದ್ರೂ ಉಳ್ಕೊಳ್ಳಿ."

ಅಪ್ಪ ಅಮ್ಮನ ಮುಖ ನೋಡಿದ.

"ಹಾಕ್ಬಿಡ್ರೀ," ಎಂದಳು ಅಮ್ಮ. "ಸಾರ್‌ಗೆ ಟೀ ಆರ್ತಾ ಇದೆ."

ಅಪ್ಪನ ಪೆನ್ನು ಮೂಡಲಿಲ್ಲ. ಅಮ್ಮ ನನ್ನತ್ತ ನೋಡಿದಳು. ನಾನು ಚೀಲದಿಂದ ಕಂಪಾಸ್ ಬಾಕ್ಸ್ ತೆಗೆದು ನನ್ನ ಪೆನ್ನು ಕೊಟ್ಟೆ. ಕೆಲಸಕ್ಕೆ ಬಂದೆನಲ್ಲ ಎಂದು ಖುಷಿಯಾಗಿತ್ತು.

ಆ ಶನಿವಾರ ಸಂಜೆ ಅಪ್ಪ ಪ್ರತಿ ತಿಂಗಳಿನಂತೆ ಪಾಪನಿವೇದನೆಗೆ ಹೋದ. ದೊಡ್ಡ ಪಾಪ ಮಾಡಿದವರು ಅದನ್ನು ಫಾದರ್ ಬಳಿ ಹೇಳಿಕೊಂಡು ಕ್ಷಮೆ ಪಡೆಯುವ ತನಕ ಪರಮಪ್ರಸಾದ ತೆಗೆದುಕೊಳ್ಳುವಂತಿಲ್ಲ. ನಾನು ಜೊತೆಗಿದ್ದೆ. ಜಾಲರಿಯ ಆಚೆ ಫಾದರ್, ಈಚೆ ಮಂಡಿಯೂರಿದ ಅಪ್ಪ. ಒಳಗೆ ಆಡಿದ ಮಾತು ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಬರೆಯುವ ಹಕ್ಕು ನನ್ನದಲ್ಲ. ಹೊರಗಿನಿಂದ ಕಂಡದ್ದನ್ನು ಹೇಳಬಲ್ಲೆ. ಬೇರೆ ತಿಂಗಳುಗಳಲ್ಲಿ ಅಪ್ಪ ಎದ್ದು ಬಂದು, ಮುಂದಿನ ಬೆಂಚಿನಲ್ಲಿ ಮಂಡಿಯೂರಿ, ಫಾದರ್ ವಿಧಿಸಿದ ಪ್ರಾರ್ಥನೆಗಳನ್ನು ಹೇಳಿ ಮುಗಿಸುತ್ತಿದ್ದ. ಅಂದು ಯಾವ ಬೆಂಚಿಗೂ ಹೋಗಲಿಲ್ಲ. ನೇರ ಹೊರಗೆ ನಡೆದು ಚಪ್ಪಲಿ ಹಾಕಿಕೊಂಡ. ದಾರಿಯಲ್ಲಿ ನನ್ನ ಕೈ ಹಿಡಿಯುವುದನ್ನೂ ಮರೆತ. ಮರುದಿನ ಬೆಳಿಗ್ಗೆ ಎದ್ದಾಗ ಬಂದದ್ದೇ ಆ ಕಾಫಿಯ ವಾಸನೆ.

ಮನೆಯಲ್ಲಿ ಬದಲಾದದ್ದು ಸಣ್ಣ ಸಣ್ಣ ಸಂಗತಿಗಳು. ಸಂಜೆ ಏಳಕ್ಕೆ ಜಪಸರದ ಪ್ರಾರ್ಥನೆಯನ್ನು ಅಪ್ಪ ಶುರು ಮಾಡುತ್ತಿದ್ದ, ಅಮ್ಮ ಮತ್ತು ನಾನು ಉತ್ತರ ಹೇಳುತ್ತಿದ್ದೆವು. ಈಗ ಅಮ್ಮ ಶುರು ಮಾಡತೊಡಗಿದಳು. ಮಸಾಲೆ ಹುರಿಯುವಾಗಿನ ಅಪ್ಪನ ಹಾಡು ನಿಂತಿತು. ಅಮ್ಮ ಮಾತ್ರ ತಪ್ಪದೆ ಪ್ರಸಾದದ ಸಾಲಿಗೆ ಹೋಗುತ್ತಿದ್ದಳು, ಕಣ್ಣು ಮುಚ್ಚಿ ನಾಲಿಗೆ ಚಾಚುತ್ತಿದ್ದಳು. ಆ ಹಾಳೆಗೆ ಸೈನ್ ಹಾಕಿಸಿದ ಮಾತು ಅವಳದೂ ಆಗಿತ್ತು ಎಂದು ಅವಳಿಗೆ ಅನಿಸಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಕೇಳಬಹುದಾದ ವಯಸ್ಸು ನನಗೆ ಬಂದಾಗಲೂ ಕೇಳಲಿಲ್ಲ.

ಆ ದಿನಗಳಲ್ಲೇ ನಾನೊಂದು ತಪ್ಪು ಮಾಡಿದೆ. ಪೂಜೆಯ ನಂತರ ಮಕ್ಕಳಿಗೆ ಧರ್ಮೋಪದೇಶದ ತರಗತಿ ಇರುತ್ತಿತ್ತು. ಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನದಿದ್ದರೆ ಸಾಕು, ಬೆಳಗಿನಿಂದ ಉಪವಾಸ ಇರಬೇಕೆಂಬುದು ಹಳೆಯ ಕಾಲದ ನಿಯಮ ಎಂದು ಸಿಸ್ಟರ್ ಹೇಳಿದರು. ನಾನು ಆ ಸುದ್ದಿ ಹೊತ್ತು ಓಡಿ ಬಂದೆ. ಅಪ್ಪ ಊಟಕ್ಕೆ ಕೂತಿದ್ದ.

"ಅಪ್ಪಾ, ಒಂದೇ ಗಂಟೆ ಅಂತೆ! ನೀನು ಆರೂವರೆಗೆ ಕಾಫಿ ಕುಡಿದ್ರೂ ಪ್ರಸಾದ ತಗೋಬಹುದಂತೆ. ಸಿಸ್ಟರ್ ಹೇಳಿದ್ರು."

ಅನ್ನದಲ್ಲಿದ್ದ ಅಪ್ಪನ ಕೈ ನಿಂತಿತು. "ಹೌದಾ ಮಗಳೇ?"

"ಹೂಂ. ಮರೆತು ಕುಡಿದ್ರೂ ಪರವಾಗಿಲ್ಲ."

"ರೀಟಾ, ಸುಮ್ನೆ ಊಟ ಮಾಡೇ," ಎಂದಳು ಅಮ್ಮ.

ಮುಂದಿನ ಭಾನುವಾರ ಅಪ್ಪ ಮನೆಯಲ್ಲಿ ಕಾಫಿ ಕುಡಿದ. ಚರ್ಚಿನ ಗೇಟಿನ ಎದುರು ಒಂದು ಚಹಾದ ಅಂಗಡಿ ಇತ್ತು. ಪೂಜೆಯ ಗಂಟೆ ಬಾರಿಸುತ್ತಿದ್ದಾಗ ಅಲ್ಲಿ ನಿಂತು ಇನ್ನೊಂದು ಕಾಫಿ ಕುಡಿದ. ಅಮ್ಮ ನನ್ನ ಕೈ ಎಳೆದುಕೊಂಡು ಒಳಗೆ ಹೋದಳು. ನಾನು ತಿರುಗಿ ನೋಡುತ್ತಲೇ ಹೋದೆ. ಬೆಂಚಿನಲ್ಲಿ ಕೂರಲೆಂದೇ ಅಪ್ಪ ಕಾಫಿ ಕುಡಿಯುತ್ತಾನೆ ಎಂದು ಆಗ ಗೊತ್ತಾಯಿತು. ಯಾಕೆಂದು ಗೊತ್ತಾಗಲಿಲ್ಲ.

ಎರಡು ತಿಂಗಳಾದ ಮೇಲೆ ಚೌರಪ್ಪ ಪೂಜೆಗೆ ಬರತೊಡಗಿದ. ಶರ್ಟಿನ ಬಲತೋಳನ್ನು ಮಡಿಸಿ ಅವನ ಹೆಂಡತಿ ಲೂರ್ದಮ್ಮ ಪಿನ್ನು ಚುಚ್ಚಿರುತ್ತಿದ್ದಳು. ಶಿಲುಬೆಯ ಗುರುತನ್ನು ಬಲಗೈಯಲ್ಲೇ ಮಾಡಬೇಕೆಂದು ನಮಗೆ ಕಲಿಸಿದ್ದರು. ಚೌರಪ್ಪ ಎಡಗೈಯಿಂದ ಹಣೆ ಮುಟ್ಟಿದಾಗ ತರಗತಿಯ ಹುಡುಗಿಯರು ಕಿಸಕ್ಕೆಂದರು. ಪೂಜೆಯ ನಡುವೆ ಸಮಾಧಾನ ಕೋರುವ ಘಳಿಗೆ ಬರುತ್ತದೆ. ಅಕ್ಕಪಕ್ಕದವರಿಗೆ, ಹಿಂದೆ ಮುಂದೆ ಇರುವವರಿಗೆ ತಿರುಗಿ ಕೈಮುಗಿಯಬೇಕು. ಚೌರಪ್ಪ ಒಂದೇ ಅಂಗೈಯನ್ನು ಎದೆಯ ಮುಂದೆ ನೆಟ್ಟಗೆ ಹಿಡಿದು ಸುತ್ತಲಿನವರಿಗೆಲ್ಲ ತಲೆಬಾಗುತ್ತಿದ್ದ. ನಮ್ಮ ಬೆಂಚಿನ ಕಡೆ ತಿರುಗುತ್ತಿರಲಿಲ್ಲ. ಅಪ್ಪ ಆ ಹೊತ್ತಿನಲ್ಲಿ ನೆಲ ನೋಡುತ್ತಿದ್ದ. ಪರಿಹಾರಕ್ಕೆಂದು ಚೌರಪ್ಪ ಕಾರ್ಮಿಕ ಇಲಾಖೆಯಲ್ಲಿ ಅರ್ಜಿ ಹಾಕಿದ್ದ. ನವೆಂಬರಿನಲ್ಲಿ ವಿಚಾರಣೆ ಇತ್ತು. ಟೇಪು ಸುತ್ತಿದವನು ಅವನೇ ಎಂದು ಕಾರ್ಖಾನೆ ಹೇಳುತ್ತಿತ್ತು. ಆಧಾರ ಅಪ್ಪನ ಸೈನು.

ಅಕ್ಟೋಬರ್ ಜಪಸರದ ತಿಂಗಳು. ಮಾತೆ ಮರಿಯಳ ಸ್ವರೂಪ, ಅಂದರೆ ಪ್ರತಿಮೆ, ತಿಂಗಳು ಪೂರ್ತಿ ಮನೆಯಿಂದ ಮನೆಗೆ ಹೋಗುತ್ತದೆ. ಒಂದು ಮನೆಯಲ್ಲಿ ಒಂದು ದಿನ. ಮರುದಿನ ಸಂಜೆ ಮುಂದಿನ ಮನೆಯ ಯಜಮಾನ ಅಲ್ಲಿಗೆ ಹೋಗಿ, ಆ ಮನೆಯ ಯಜಮಾನನ ಕೈಯಿಂದ ಸ್ವರೂಪವನ್ನು ಹೊಸಿಲಿನಲ್ಲಿ ತೆಗೆದುಕೊಳ್ಳಬೇಕು. ಕೊಟ್ಟ ಮನೆಯವರೂ ಜೊತೆಗೆ ಬಂದು ಹೊಸ ಮನೆಯಲ್ಲಿ ಪ್ರಾರ್ಥನೆಗೆ ಕೂರಬೇಕು. ಯಾವ ಮನೆಯ ನಂತರ ಯಾವ ಮನೆ ಎಂಬ ಪಟ್ಟಿ ಮಾಡುವವರು ರಾಯಪ್ಪನವರು. ಆ ವರ್ಷ ಚೌರಪ್ಪನ ಮನೆಯ ನಂತರ ನಮ್ಮ ಮನೆ ಇತ್ತು. ಅಮ್ಮ ನನ್ನನ್ನು ಕರೆದುಕೊಂಡು ರಾಯಪ್ಪನವರ ಮನೆಗೆ ಹೋದಳು.

"ಉಪದೇಶಿಗಳೇ, ನಮ್ಮನೆ ತಾರೀಕು ಸ್ವಲ್ಪ ಮುಂದಕ್ಕೆ ಹಾಕಿ. ಅವತ್ತು ಇವ್ರಿಗೆ ಶಿಫ್ಟು."

"ಶಿಫ್ಟು ಮಧ್ಯಾಹ್ನಕ್ಕೆ ಮುಗಿಯುತ್ತೆ. ಜಪಸರ ಏಳಕ್ಕೆ," ಎಂದರು ಅವರು, ಕನ್ನಡಕ ಒರೆಸುತ್ತಾ. "ಮಾತೆನ ಕಾಯಿಸ್ಬೇಡ ಫಿಲೋಮಿ."

ಆ ಸಂಜೆ ಅಪ್ಪ ಬಿಳಿ ಶರ್ಟು ಹಾಕಿಕೊಂಡ. ನಾನು ಮೇಣದ ಬತ್ತಿ ಹಿಡಿದು ಮುಂದೆ ನಡೆದೆ. ಚೌರಪ್ಪನ ಮನೆಯ ಮುಂದೆ ಹತ್ತು ಹನ್ನೆರಡು ಮಂದಿ ನಿಂತಿದ್ದರು. ಸ್ವರೂಪ ಮೊಳದುದ್ದದ್ದು, ಗಟ್ಟಿ ಗಾರೆಯದು, ಭಾರ. ಚೌರಪ್ಪ ಅದನ್ನು ಎಡಗೈಯಲ್ಲಿ ಬಳಸಿ ಎದೆಗೆ ಒತ್ತಿಕೊಂಡು ಹೊಸಿಲಿಗೆ ಬಂದ. ಲೂರ್ದಮ್ಮ ಕೈ ಕೊಡಲು ಬಂದಾಗ ಮೊಣಕೈಯಿಂದ ತಳ್ಳಿದ. ಸ್ವರೂಪ ವಾಲಿತು. ಅಪ್ಪ ತಟ್ಟನೆ ಒಂದು ಕೈ ಮುಂದೆ ಮಾಡಿದ.

"ಎರಡೂ ಕೈಲಿ ಹಿಡ್ಕೊ ಇನ್ನಾಸಣ್ಣ," ಎಂದ ಚೌರಪ್ಪ. "ನಿಂಗಿದಾವಲ್ಲ."

ಯಾರೋ ಹಾಡು ಎತ್ತಿಕೊಂಡರು. ಅಪ್ಪ ಎರಡೂ ಕೈಯಲ್ಲಿ ಹಿಡಿದು ನಡೆದ. ವಠಾರದ ಬಾಗಿಲಲ್ಲಿ ಮನೆಯ ಓನರಮ್ಮ ಕನಕಾಂಬರದ ದಂಡೆ ಹಿಡಿದು ಕಾಯುತ್ತಿದ್ದಳು. ಆ ಊರಿನ ಹಳೆಯ ಒಕ್ಕಲು ಮನೆತನದವಳು, ನಮ್ಮ ಧರ್ಮದವಳಲ್ಲ; ಪ್ರತಿ ವರ್ಷ ಹೂವು ತರುತ್ತಿದ್ದಳು. "ಫಿಲೋಮಮ್ಮ, ನಿಮ್ಮಮ್ಮಂಗೆ ಊ ಮುಡಿಸ್ಲಾ?" ಎಂದು ಕೇಳಿ, ಮಾತೆಯ ತಲೆಗೆ ದಂಡೆ ಸುತ್ತಿ, ಅಪ್ಪನ ಮುಖ ನೋಡಿ, "ಯಾಕಪ್ಪಾ ಇಂಗೆ ಬೆವ್ತಿದ್ಯಾ? ಮೈ ಉಷಾರಿಲ್ವಾ?" ಎಂದಳು.

ನಮ್ಮ ಒಂದು ಕೋಣೆಯಲ್ಲಿ ಅಷ್ಟೂ ಜನ ಮಂಡಿ ತಾಗಿಸಿ ಕೂತರು. ಚೌರಪ್ಪ ಬಾಗಿಲ ಬಳಿಯೇ ಕೂತ. ಜಪಸರ ಮುಗಿಯಿತು. ಕೊನೆಗೆ ಕೋರಿಕೆಗಳು. ಒಬ್ಬೊಬ್ಬರೂ ತಮ್ಮ ಬೇಡಿಕೆ ಹೇಳಿ, 'ಇದಕ್ಕಾಗಿ ಪ್ರಭುವನ್ನು ಪ್ರಾರ್ಥಿಸೋಣ' ಎಂದು ಮುಗಿಸಬೇಕು. ಆಗ ಎಲ್ಲರೂ 'ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ' ಎನ್ನಬೇಕು. ಒಬ್ಬಳು ಮಗನ ಪರೀಕ್ಷೆಗೆ ಬೇಡಿದಳು. ಒಬ್ಬರು ಮಂಡಿನೋವಿಗೆ ಬೇಡಿದರು. ಕೊನೆಯ ಸರದಿ ಮನೆಯ ಯಜಮಾನನದು. ಅಪ್ಪ ತಲೆ ಎತ್ತಲಿಲ್ಲ. ಬೇರೆಯವರು ಬೇಡಿದ ಅದೇ ಧಾಟಿಯಲ್ಲಿ, ಅಷ್ಟೇ ಸಣ್ಣ ದನಿಯಲ್ಲಿ ಹೇಳಿದ:

"ಬಟನ್‌ಗೆ ಟೇಪು ಸುತ್ತಿದ್ದು ಚೌರಿ ಅಲ್ಲ. ಸೂಪರ್‌ವೈಸರ್ ಸುತ್ತು ಅಂದ್ರು, ನಾನು ಸುತ್ತಿದೆ. ಚೌರಿ ಸುತ್ತಿದ ಅಂತ ಸೈನ್ ಹಾಕಿದ್ದೂ ನಾನೇ. ಇದಕ್ಕಾಗಿ ಪ್ರಭುವನ್ನು ಪ್ರಾರ್ಥಿಸೋಣ."

"ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ," ಎಂದಿತು ಇಡೀ ಕೋಣೆ.

ನಾನೂ ಅಂದೆ. ಅಮ್ಮನೂ ಅಂದಳು. ರೂಢಿಯ ಬಾಯಿ ಕಿವಿಗಿಂತ ಮುಂದೆ ಓಡಿತ್ತು. ಮಾತು ಮುಗಿದ ಮೇಲೆ ಅದರ ಅರ್ಥ ಒಬ್ಬೊಬ್ಬರ ಮುಖಕ್ಕೂ ಬಂದು ತಲುಪುವುದನ್ನು ನೋಡಿದೆ. ರಾಯಪ್ಪನವರ ಕೈಯಲ್ಲಿ ಜಪಸರ ಹಾಗೇ ನಿಂತಿತ್ತು. ಉತ್ತರ ಹೇಳದೆ ಉಳಿದವನು ಚೌರಪ್ಪ ಒಬ್ಬನೇ. ಬಾಗಿಲ ಬಳಿಯಿಂದ ಅವನ ದನಿ ಬಂತು:

"ಇಲ್ಲಿ ಹೇಳಿದ್ರೆ ಮಾತೆ ಬಂದು ಸಾಕ್ಷಿ ಹೇಳ್ತಾಳಾ? ಅಲ್ಲಿ ಹೇಳು."

ಎದ್ದು ಹೋದ. ಅಮ್ಮ ಎಲ್ಲರಿಗೂ ಹಂಚಲು ಕಡಲೆ ಬೇಯಿಸಿ, ಒಗ್ಗರಣೆ ಹಾಕಿ, ಕಾಗದದ ಪೊಟ್ಟಣ ಕಟ್ಟಿಟ್ಟಿದ್ದಳು. ಯಾರೂ ಕೈ ಚಾಚಲಿಲ್ಲ. ಲೂರ್ದಮ್ಮ ಬಾಗಿಲ ತನಕ ಹೋದವಳು ತಿರುಗಿ ಬಂದು ಎರಡು ಪೊಟ್ಟಣ ಎತ್ತಿಕೊಂಡಳು. "ಮಕ್ಕಳಿಗೆ ಅಕ್ಕ," ಎಂದು, ಅಮ್ಮನ ಮುಖ ನೋಡದೆ ಹೊರಟಳು.

ಮರುದಿನ ಬೆಳಿಗ್ಗೆಯ ಜಗಳ ಐದೂ ಮನೆಗಳಿಗೆ ಕೇಳಿತು. ಸ್ವರೂಪ ಇನ್ನೂ ನಮ್ಮ ಮನೆಯಲ್ಲೇ ಇತ್ತು, ತಲೆಯ ಮೇಲೆ ಬಾಡಿದ ಕನಕಾಂಬರ. ಅದರ ಮುಂದೆ ದನಿ ಎತ್ತಬಾರದೆಂದು ಅಮ್ಮನೇ ನನಗೆ ಕಲಿಸಿದ್ದಳು.

"ನಿಮ್ಮ ಬಾಯಿಗೆ ದೇವರು ಬರ್ಲಿ ಅಂತ ನಮ್ಮ ಬಾಯಿಗೆ ಮಣ್ಣು ಹಾಕ್ತೀರಾ?"

"ಸೈನ್ ಹಾಕು ಅಂದಿದ್ದು ಯಾರು?"

"ಟೀ ಆರ್ತಾ ಇದೆ ಅಂದೆ ನಾನು."

"ಎರಡೂ ಅಂದೆ ನೀನು."

ಅಮ್ಮ ಗೋಡೆಯಾಚೆಗೆ ಕೇಳಿಸದಷ್ಟು ಮೆಲ್ಲಗೆ, "ಅಂದೆ," ಎಂದಳು.

ನವೆಂಬರಿನಲ್ಲಿ ಅಪ್ಪ ವಿಚಾರಣೆಗೆ ಹೋಗಿ ಇದ್ದದ್ದನ್ನು ಹೇಳಿದ. ಅದರಿಂದ ಏನಾಯಿತು ಎಂಬುದು ಚೌರಪ್ಪನ ಪರವಾಗಿ ಓಡಾಡಿದ ಯೂನಿಯನ್ನಿನ ಒಬ್ಬರು ಎಷ್ಟೋ ವರ್ಷದ ಮೇಲೆ ನನಗೆ ಹೇಳಿದ್ದು. ಟೇಪು ಸುತ್ತಲು ತಾನು ಹೇಳೇ ಇಲ್ಲ ಎಂದ ಸೂಪರ್‌ವೈಸರ್. ಹಾಗಾದರೆ ಇದು ಇಬ್ಬರು ಕೆಲಸಗಾರರ ನಡುವಿನ ವಿಚಾರ, ನಿಯಮ ಮುರಿದವನು ತಪ್ಪೊಪ್ಪಿಕೊಂಡಿದ್ದಾನೆ ಎಂದಿತು ಕಾರ್ಖಾನೆ. ಎರಡು ಹೇಳಿಕೆ ಕೊಟ್ಟವನ ಯಾವ ಮಾತಿಗೂ ಬೆಲೆ ಬರಲಿಲ್ಲ. ಮೊದಲ ದಿನವೇ ಹೇಳಿದ್ದರೆ ನಿಲ್ಲುತ್ತಿತ್ತು ಎಂದರು ಆ ಯೂನಿಯನ್ನಿನವರು. ಅಪ್ಪನ ಕೆಲಸ ಹೋಯಿತು. ಚೌರಪ್ಪನ ಅರ್ಜಿ ವರ್ಷಗಟ್ಟಲೆ ಎಳೆಯಿತು. ಕೊನೆಗೆ ಸಿಕ್ಕದ್ದು ಅವನು ಕೇಳಿದ್ದಲ್ಲ. ಅಪ್ಪ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಗೆ ನಿಂತ. ಚೌರಪ್ಪನಿಗೆ ಚರ್ಚಿನವರು ಅಂಗಳ ಗುಡಿಸುವ, ಗಂಟೆ ಬಾರಿಸುವ ಕೆಲಸ ಕೊಟ್ಟರು.

ವಿಚಾರಣೆಯ ಮರುಭಾನುವಾರ ಅಪ್ಪ ಸಾಲಿಗೆ ನಿಲ್ಲುತ್ತಾನೆ ಎಂದು ನಾನು ಕಾದಿದ್ದೆ. ಬಾಕಿ ಏನಿತ್ತು? ಹೇಳಬೇಕಾದ್ದನ್ನು ಹೇಳಬೇಕಾದ ಕಡೆ ಹೇಳಿ ಆಗಿತ್ತು. ಅಂದೂ ಕಾಫಿಯ ವಾಸನೆಗೇ ಎಚ್ಚರವಾಯಿತು. ವರ್ಷಗಳು ಹಾಗೆಯೇ ಹೋದವು. ಚೌರಪ್ಪ ಎಡಗೈಯಲ್ಲಿ ಹಗ್ಗ ಎಳೆದು ಗಂಟೆ ಬಾರಿಸುತ್ತಿದ್ದ, ಅದರ ಸದ್ದಿಗೆ ಅಪ್ಪ ಎದುರಿನ ಅಂಗಡಿಯಲ್ಲಿ ಎರಡನೆಯ ಕಾಫಿ ಮುಗಿಸುತ್ತಿದ್ದ. ನಾನು ಕಾಲೇಜು ಸೇರಿದ ವರ್ಷ ಒಂದು ಭಾನುವಾರ ಚೌರಪ್ಪ ಹಗ್ಗ ಬಿಟ್ಟವನೇ ರಸ್ತೆ ದಾಟಿ ಅಂಗಡಿಗೆ ಬಂದ. ನಾನು ಅಪ್ಪನ ಪಕ್ಕದಲ್ಲಿದ್ದೆ.

"ಇನ್ನೂ ಕಾಫಿನಾ ಇನ್ನಾಸಣ್ಣ?"

"ಹೂಂ ಚೌರಿ."

"ಹೋಗಿ ಪ್ರಸಾದ ತಗೋ. ನಾನೇನ್ ಅಡ್ಡ ನಿಂತಿದೀನಾ? ನೀನು ದಿನಾ ಕಾಫಿ ಕುಡಿದ್ರೆ ನನ್ನ ಕೈ ಚಿಗುರುತ್ತಾ?"

ಅಪ್ಪ ಲೋಟ ಕೆಳಗಿಟ್ಟ. "ನಿಂಗೂ ಒಂದು ಹೇಳ್ಲಾ?"

"ನಾನು ಪ್ರಸಾದ ತಗೋಬೇಕಪ್ಪ," ಎಂದು ಚೌರಪ್ಪ ರಸ್ತೆ ದಾಟಿ ಹೋದ.

ಅಪ್ಪ ಆ ದಿನವೂ ಬೆಂಚಿನಲ್ಲೇ ಕೂತ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. "ಅದು ಭಕ್ತಿ ಅಲ್ಲ ಕಣೇ, ಜಂಬ," ಎಂದಳು. "ಫಾದರ್ ಕ್ಷಮಿಸಿದ್ರೂ ಬೇಡ, ಚೌರಪ್ಪ ಹೋಗು ಅಂದ್ರೂ ಬೇಡ. ಇವರ ತಪ್ಪು ಎಲ್ಲರ ತಪ್ಪಿಗಿಂತ ದೊಡ್ಡದಾಗಿ ಕಾಣ್ಬೇಕು." ಅವಳು ಹೇಳಿದ್ದು ಸರಿಯೋ ಏನೋ. ಅಪ್ಪ ಯಾವತ್ತೂ ಇದರ ಬಗ್ಗೆ ಒಂದು ಮಾತೂ ಆಡಿದವನಲ್ಲ, ಹಾಗಾಗಿ ಅವನ ಕಡೆಯ ಉತ್ತರ ನನಗೆ ಗೊತ್ತಿಲ್ಲ.

ಈಗ ಅಮ್ಮ ಇಲ್ಲ. ಅಪ್ಪ ಚಂದಾಪುರದಲ್ಲಿ ನನ್ನ ಜೊತೆ ಇದ್ದಾನೆ. ತಿರುಹೃದಯದ ಪಟ, ಕೆಂಪು ಬಲ್ಬು, ಮಡಿಸುವ ಕುರ್ಚಿ ಎಲ್ಲವೂ ಜೊತೆಗೆ ಬಂದವು. ಭಾನುವಾರದ ಕಾಫಿ ಮಾಡುವವಳು ಈಗ ನಾನು. ಹೋದ ವರ್ಷ ಚೌರಪ್ಪ ತೀರಿಕೊಂಡ. ಮಣ್ಣಿಗೆ ಹೋಗಿದ್ದೆವು. ಹಿಡಿ ಮಣ್ಣು ಹಾಕುವ ಸರದಿ ಬಂದಾಗ ಅಪ್ಪ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಡಗೈಯಲ್ಲಿ ಹಾಕಿದ. ಲೂರ್ದಮ್ಮ ಅದನ್ನು ನೋಡಿದಳು.

ಅದರ ನಂತರದ ಭಾನುವಾರ ನಾನು ಬೇಕೆಂದೇ ಒಲೆ ಹಚ್ಚಲಿಲ್ಲ. ಬೇಗ ಸ್ನಾನ ಮಾಡಿ, ಸೀರೆ ಉಟ್ಟು, ಹಾಸಿಗೆಯ ಮೇಲೆ ಕೂತು ಫೋನು ನೋಡುತ್ತಿದ್ದೆ. ಅಪ್ಪ ಬಿಳಿ ಶರ್ಟು ಹಾಕಿಕೊಂಡು ಕುರ್ಚಿಯಲ್ಲಿ ಕೂತ. ಅಡುಗೆಮನೆಯ ಕಡೆ ನೋಡಿದ, ನನ್ನ ಕಡೆ ನೋಡಿದ. ನಾನು ತಲೆ ಎತ್ತಲಿಲ್ಲ. ಐದು ನಿಮಿಷ ಕಳೆದಿರಬೇಕು. ಗೋಡೆ ಹಿಡಿದುಕೊಂಡು ಎದ್ದ. ಹಾಲಿನ ಪ್ಯಾಕೆಟ್ಟನ್ನು ಹಲ್ಲಿನಿಂದ ಕಚ್ಚಿ ಹರಿದ ಸದ್ದು, ಲೈಟರ್ ಮೂರು ನಾಲ್ಕು ಸಲ ಕಟಕಟ ಎಂದ ಸದ್ದು ಕೇಳಿತು. ನಿಂತುಕೊಂಡೇ ಕುಡಿದ. ಲೋಟ ತೊಳೆದು ಬೋರಲು ಹಾಕಿ, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಬಾಗಿಲಿಗೆ ಬಂದು ನಿಂತ.

"ನಡಿ ಮಗಳೇ," ಎಂದ. "ಪೂಜೆಗೆ ಹೊತ್ತಾಯ್ತು."